ಅಜ್ಜ ಬಿಡಿಸಿದ ಕಣ್ಣು

ಮಾರ್ಚ್ 9, ಸೋಮವಾರ

ಬೆಳಗಿನಿಂದ ಅಮ್ಮನ ಮಾತು ತಲೆ ಕೊರೆಯುತ್ತಿದೆ. ಅಜ್ಜಿಯ ಹಳೇ ಫೋಟೋವನ್ನು ಫೋನಿನಲ್ಲಿ ತಿದ್ದಿ, ಬಣ್ಣ ತುಂಬಿ, ಜಂಬದಿಂದ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದ್ದಾಳೆ. ಯಾರೇ ಇವಳು?" ಅಂದಳು.

ಎಡವಟ್ಟಾಗಿದ್ದು ಕಣ್ಣಲ್ಲಿ. ಅಜ್ಜ ಕ್ಲಿಕ್ ಮಾಡುವ ಹೊತ್ತಿಗೆ ಅಜ್ಜಿ ಕಣ್ಣು ಮುಚ್ಚಿಬಿಟ್ಟಿದ್ದಳಂತೆ. ಸ್ಟುಡಿಯೋ ಅಜ್ಜನ ಸ್ವಂತದ್ದೇ ಆದರೂ ಮತ್ತೆ ಕೂರಲು ಅವಳು ಸುತಾರಾಂ ಒಪ್ಪಲಿಲ್ಲ. ಅಜ್ಜ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತೀಡಿ, ಬ್ಲೇಡಿನ ತುದಿಯಿಂದ ಕೆರೆದು, ಬರೀ ನೆನಪಿನಿಂದ ಅವಳ ಕಣ್ಣು ತೆರೆಸಿದ. ನನ್ನ ಫೋನು ಅದನ್ನು ಕಲೆ ಅಂದುಕೊಂಡು ಒರೆಸಿ, ಬೇರೆ ಯಾರದೋ ಕಣ್ಣು ಕೂರಿಸಿದೆ.

ಇದೇ ಫೋನು ಹಿಡಿದು ಅರವತ್ತರ ದಶಕದ ಆ ಸ್ಟುಡಿಯೋಗೆ ಹೋದರೆ? ಸಂಜೆಯಿಂದ ಅದೇ ಯೋಚನೆ. "ಅಜ್ಜ, ನೂರು ಫೋಟೋ ತೆಗೀತೀನಿ, ಒಂದರಲ್ಲಾದರೂ ಅಜ್ಜಿ ಕಣ್ಣು ಬಿಟ್ಟಿರ್ತಾಳೆ" ಅಂತ ಕೊಚ್ಚಿಕೊಳ್ಳಬೇಕು. ಅವನು ಕಿಟಕಿ ಪಕ್ಕ ಬೆನ್ನು ಬಗ್ಗಿಸಿ ಅಜ್ಜಿಯ ನೆಗೆಟಿವ್ ತೀಡುತ್ತಾ ಕೂತಿರುತ್ತಾನೆ. ಬೆಳಕು ಇಳಿದರೆ ನೆಗೆಟಿವ್ ಕಾಣುವುದಿಲ್ಲ, ಕೆಲಸ ನಿಲ್ಲಿಸಬೇಕು. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ಬೆಳ್ಳಗೆ ಹೊಳೆಯುವ ಪರದೆ ಕಂಡದ್ದೇ ತಡ, ಮುಖ ಅರಳುತ್ತದೆ. ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಮೇಲೆ ನೆಗೆಟಿವ್ ಇಟ್ಟು, ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾನೆ.

"ಒಳ್ಳೇ ದೀಪ ತಂದಿದ್ದೀಯ ಕಣಮ್ಮ. ಎಷ್ಟು ಹೊತ್ತು ಉರಿಯುತ್ತೆ?"

"ನಾಳೆವರೆಗೂ ಅಜ್ಜ."

"ಅಷ್ಟೆಲ್ಲಾ ಬೇಡ. ಇನ್ನೊಂದು ಕಣ್ಣಷ್ಟೇ ಬಾಕಿ."