ಕಾಗದದ ಕೊನೆಯ ಹೌಡಿ

ಗ್ರೇಸನ್ ಕ್ರಾಸಿಂಗ್, ಜಾರ್ಜಿಯಾ
ಏಪ್ರಿಲ್ 17, 1898, ಭಾನುವಾರ

ನನ್ನ ಮಗಳು ಆರ್ಡೆಲಿಯಾಗೆ,

ನೀನೂ ಅಳಿಯಂದಿರೂ ಮಕ್ಕಳೂ ಸೌಖ್ಯವಾಗಿರುವಿರಿ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಮೈಗೆ ಏನೂ ಆಗಿಲ್ಲ. ಬರೆಯಲು ಕುಳಿತಾಗಲೆಲ್ಲ ಮೊದಲ ಸಾಲು ಹೊಳೆಯದೆ ಎದ್ದು ಏನಾದರೂ ಕೆಲಸ ಹಿಡಿಯುತ್ತಿದ್ದೆ. ಹಾಗಾಗಿ ಮನೆಯೇನೋ ಈಗ ಬಹಳ ಚೊಕ್ಕಟವಾಗಿದೆ.

ಚಿಕ್ಕವನಿಗೆ ಹಲ್ಲು ಬರುತ್ತಿದೆ, ರಾತ್ರಿಯೆಲ್ಲ ಅಳುತ್ತಾನೆ ಎಂದು ಬರೆದಿದ್ದೆ. ಚೊಕ್ಕ ಬಟ್ಟೆಯನ್ನು ಬಾವಿಯ ತಣ್ಣೀರಿನಲ್ಲಿ ಅದ್ದಿ ಹಿಂಡಿ ಕೈಗೆ ಕೊಡು, ಕಚ್ಚಿಕೊಂಡು ಸುಮ್ಮನಾಗುತ್ತಾನೆ. ನಿನಗೂ ಹಾಗೇ ಮಾಡುತ್ತಿದ್ದೆ. ಈಸ್ಟರ್ ಹೊತ್ತಿಗೆ ಚರ್ಚಿನ ಹೊಸ ಮಾಡು ಮುಗಿಯಬೇಕಿತ್ತು, ಮುಗಿಯಲಿಲ್ಲ. ಅರ್ಧ ಸಭೆ ನೆರಳಿನಲ್ಲಿ, ಅರ್ಧ ಸಭೆ ಬಿಸಿಲಲ್ಲಿ ಕುಳಿತು ಹಾಡಿದೆವು. ಪ್ರಾರ್ಥನೆಯಾದ ಮೇಲೆ ಪಾದ್ರಿಗಳು ಪತ್ರಿಕೆಯಿಂದ ಹುಡುಕಾಟದ ಪ್ರಕಟಣೆಗಳನ್ನು ಓದಿದರು. ಯಾರದೋ ತಾಯಿ ಅಲಬಾಮಾಕ್ಕೆ ಮಾರಾಟವಾದವಳು, ಯಾರದೋ ತಮ್ಮ ಯುದ್ಧದಲ್ಲಿ ಕೈತಪ್ಪಿದವನು, ಕಂಡವರು ತಿಳಿಸಿ ಎಂದು. ಈಗ ಅಂಥವು ಬಹಳ ಕಡಿಮೆ. ಹುಡುಕುವವರೇ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಿಮ್ಮಪ್ಪನ ಹೆಸರು ಬರೆಸಿದವಳು ನಾನೇ ಆದರೂ, ಆ ಹೆಸರು ಬಂದಾಗ ಈಗಲೂ ನನ್ನ ಕೈ ಬೀಸಣಿಗೆ ಬೀಸುವುದನ್ನು ನಿಲ್ಲಿಸುತ್ತದೆ.

ಇನ್ನು ಹೇಳಬೇಕಾದದ್ದಕ್ಕೆ ಬರುತ್ತೇನೆ.

ಬ್ರಾಂಟ್ಲಿ ಮನೆಯ ಬಟ್ಟೆಗಳನ್ನು ನಾನೇ ಇಸ್ತ್ರಿ ಮಾಡುವುದು ನಿನಗೆ ಗೊತ್ತು. ಫೆಬ್ರವರಿಯಲ್ಲಿ ಮಿಸ್ ಜೀನಿ ಅಟ್ಟದಿಂದ ಅವರಪ್ಪನ ಪೆಟ್ಟಿಗೆ ಇಳಿಸಿದರು. ಯುದ್ಧದಲ್ಲಿದ್ದಾಗ ಕ್ಯಾಪ್ಟನ್ ಬ್ರಾಂಟ್ಲಿ ಹೆಂಡತಿಗೆ ಬರೆದ ಕಾಗದಗಳೆಲ್ಲ ಅದರಲ್ಲಿವೆ. ಬಿಳಿ ಹೆಂಗಸರ ಸಂಘದವರು ರಾಜಧಾನಿಯಲ್ಲಿ ಒಂದು ಕೋಣೆ ಮಾಡಿ ತಮ್ಮ ದಂಡಿನ ಅಧಿಕಾರಿಗಳ ಕಾಗದಗಳನ್ನೆಲ್ಲ ಕೂಡಿಡುತ್ತಾರಂತೆ. ಈ ತಿಂಗಳ ಕೊನೆಗೆ, ಅವರು ಸತ್ತ ಸೈನಿಕರ ಗೋರಿಗಳಿಗೆ ಹೂವಿಡುವ ದಿನದೊಳಗೆ, ಕಳಿಸಿಕೊಡಬೇಕು. ಕಾಗದಗಳು ಮಡಿಕೆ ಮಡಿಕೆಯಾಗಿ ಮುದುಡಿದ್ದವು. ಮಿಸ್ ಜೀನಿ ನನ್ನನ್ನು ಕರೆದು, “ಟೆಂಪಿ, ಇವನ್ನು ಬಟ್ಟೆ ನಡುವೆ ಇಟ್ಟು ಒತ್ತಿಕೊಡ್ತೀಯಾ? ಹೆಚ್ಚು ಬಿಸಿ ಬೇಡ, ಅಪ್ಪನ ಅಕ್ಷರ ಹೋಗಿಬಿಡುತ್ತೆ” ಅಂದರು. ನನಗೆ ಓದಲು ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಚರ್ಚಿನ ಹಿಂದಿನ ಕೋಣೆಯಲ್ಲಿ ನೀನೂ ನಾನೂ ಒಂದೇ ಸ್ಲೇಟಿನಲ್ಲಿ ಕಲಿತದ್ದು ನೆನಪಿದೆಯೇ? ನಿನಗೆ ಬೇಗ ಬಂತು. ನನ್ನ ‘ಎಸ್’ ಯಾವಾಗಲೂ ತಲೆಕೆಳಗಾಗುತ್ತಿತ್ತು, ನೀನು ನಗುತ್ತಿದ್ದೆ.

ಮೊದಮೊದಲ ಕಾಗದಗಳಲ್ಲಿ ಏನೂ ಇರಲಿಲ್ಲ. ಬೂಟು ಸೋರುತ್ತದೆ, ಕೆಮ್ಮು ಬಿಟ್ಟಿಲ್ಲ, ಉಪ್ಪು ಹಂದಿಮಾಂಸದಲ್ಲಿ ಹುಳ, ಮನೆಯ ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತದೆ, ಇಂಥವೇ. ಕಾಗದದ ಬರವಾದ್ದರಿಂದ ಎರಡೂ ಮಗ್ಗುಲು ಅಂಚಿನವರೆಗೆ ಬರೆದಿದ್ದರು. ನಡುನಡುವೆ “ನನ್ನ ಹುಡುಗ” ಎಂದು ಬರುತ್ತದೆ. ನನ್ನ ಹುಡುಗ ಎಲ್ಲಿಂದಲೋ ಕೋಳಿ ತಂದ, ನನ್ನ ಹುಡುಗ ಬೂಟಿಗೆ ತೊಗಲು ಹಾಕಿಕೊಟ್ಟ. ಆ ಹುಡುಗ ನಿಮ್ಮಪ್ಪ ಐಶಮ್. ಕ್ಯಾಪ್ಟನ್ನರಿಗಿಂತ ಆರು ವರ್ಷ ದೊಡ್ಡವರು. ಹೊರಡುವಾಗಲೇ ಅವರ ಗಡ್ಡದಲ್ಲಿ ಒಂದೆರಡು ಬೆಳ್ಳಿಗೂದಲಿದ್ದವು. ಯಜಮಾನ ಯುದ್ಧಕ್ಕೆ ಹೊರಟರೆ ಅವನ ಬಟ್ಟೆ ಒಗೆಯಲು, ಕುದುರೆ ನೋಡಿಕೊಳ್ಳಲು ಗುಲಾಮರಾಗಿದ್ದ ನಮ್ಮವರೊಬ್ಬರು ಹೋಗಲೇಬೇಕಿತ್ತು. ಯಾರೂ ಅವರನ್ನು ಬರುತ್ತೀಯಾ ಎಂದು ಕೇಳಲಿಲ್ಲ.

ಹಾಗೇ ಒಂದು ಕಾಗದದ ತಳಕ್ಕೆ ಬಂದಾಗ ಈ ಸಾಲು ಕಂಡಿತು: “ಹುಡುಗ ಟೆಂಪಿಗೆ ಹೌಡಿ ಹೇಳುತ್ತಾನೆ.”

ಮಗಳೇ, ಬಟ್ಟೆ ಸೀದ ವಾಸನೆ ಬಂದಾಗಲೇ ನನಗೆ ಎಚ್ಚರವಾದದ್ದು. ಕಾಗದಕ್ಕೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ನಿನಗೆ ಆ ರೂಢಿ ಗೊತ್ತಿಲ್ಲ. ನಮಗೆ ಅಕ್ಷರ ಕಲಿಯಲು ಬಿಡುತ್ತಿರಲಿಲ್ಲ. ಆದ್ದರಿಂದ ಯಜಮಾನರು ಮನೆಗೆ ಬರೆಯುವಾಗ ನಮ್ಮವರು ಪಕ್ಕದಲ್ಲಿ ನಿಂತು, ನನ್ನವಳಿಗೂ ಚೆನ್ನಾಗಿದ್ದೀಯಾ ಎಂದು ಒಂದು ಹೌಡಿ ಸೇರಿಸಿ ಎಂದು ಕೇಳಿಕೊಳ್ಳುತ್ತಿದ್ದರು. ಒಳ್ಳೆಯ ಮನಸ್ಸಿದ್ದರೆ ಅವರು ಕಾಗದದ ಕೊನೆಯಲ್ಲಿ ಸೇರಿಸುತ್ತಿದ್ದರು. ಕಾಗದ ಬಂದ ದಿನ ಕ್ಯಾಪ್ಟನ್ನರ ಹೆಂಡತಿ ಮಿಸ್ ಕಾರ್ನೀಲಿಯಾ ವರಾಂಡದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದರು. ನಾವು ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದೆವು. ಅವರು ಓದಿ, ನಡುವೆ ನಿಲ್ಲಿಸಿ, ಮಡಿಸಿ ಒಳಗೆ ಹೋಗಿಬಿಡುತ್ತಿದ್ದರು. ನನ್ನ ಹೆಸರು ಒಂದು ದಿನವೂ ಬರಲಿಲ್ಲ. ಬಾಗಿಲು ಮುಚ್ಚಿದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದೆ. ನಿಮ್ಮಪ್ಪನ ಮೇಲೆ ನನಗೆ ಕೋಪ ಬರುತ್ತಿತ್ತು. ಅವರಿಗೆ ಯಾರ ಹತ್ತಿರವೂ ಏನನ್ನೂ ಕೇಳುವುದೆಂದರೆ ಆಗದು. ಹೆಂಡತಿಗಾಗಿ ಒಂದು ಮಾತು ಕೇಳಲು ಏನು ಬಿಗುಮಾನ ಎಂದುಕೊಂಡು, ಬಟ್ಟೆ ಹಿಂಡುವಾಗ ಆ ಕೋಪವನ್ನೆಲ್ಲ ಬಟ್ಟೆಯ ಮೇಲೆ ತೀರಿಸುತ್ತಿದ್ದೆ.

ಅವರು ಕೇಳಿದ್ದರು. ಆ ಕಾಗದದಲ್ಲಿ, ಅದರ ಮುಂದಿನದರಲ್ಲಿ, ಅದರ ಮುಂದಿನದರಲ್ಲೂ ಕೇಳಿದ್ದರು.

ಮಿಸ್ ಕಾರ್ನೀಲಿಯಾ ಈಗ ಹಾಸಿಗೆ ಹಿಡಿದಿದ್ದಾರೆ, ಕಣ್ಣು ಮಂಜಾಗಿದೆ. ಒಗೆದ ನಿಲುವಂಗಿಗಳನ್ನು ಇಡಲು ಮೇಲೆ ಹೋದಾಗ ಹಾಸಿಗೆಯ ಪಕ್ಕ ನಿಂತು, ಆ ಹೌಡಿಗಳನ್ನು ಏಕೆ ಓದಲಿಲ್ಲವೆಂದು ಕೇಳಿಯೇ ಬಿಟ್ಟೆ. ಅವರು ಕಿಟಕಿ ಕಡೆಗೆ ಮುಖ ತಿರುಗಿಸಿದರು. 

“ಅದು ಕೊನೇಲಿ ಇರ್ತಿತ್ತು ಟೆಂಪಿ,” ಅಂದರು. “ಅಲ್ಲಿಗೆ ಬರೋ ಹೊತ್ತಿಗೆ ನಂಗೆ ಅಳು ಬಂದಿರ್ತಿತ್ತು. ನಿಮ್ಮೆದುರಿಗೆ ಅಳಬಾರದು ಅಂತ ಮಡಿಸಿ ಒಳಗೆ ಹೋಗ್ತಿದ್ದೆ.”

ಬೇಕೆಂದೇ ಮುಚ್ಚಿಟ್ಟೆ ಎಂದಿದ್ದರೆ ಸುಲಭವಾಗುತ್ತಿತ್ತು. ದಿಂಬು ಸರಿಮಾಡಿ ಕೆಳಗಿಳಿದೆ.

ಅಡುಗೆಮನೆಯಲ್ಲಿ ಮಿಸ್ ಜೀನಿ ಕಾಯುತ್ತಿದ್ದರು. ಮೇಲಿನ ಮಾತು ಅವರ ಕಿವಿಗೆ ಬಿದ್ದಿತ್ತು.

“ನಿಂಗೆ ಓದೋಕೆ ಬರುತ್ತಾ?”

“ಬರುತ್ತೆ ಮಿಸ್ ಜೀನಿ.”

“ಯಾವಾಗಿಂದ?”

“ನಿಮಗೆ ಬಂತಲ್ಲ, ಹೆಚ್ಚುಕಡಿಮೆ ಆಗಲೇ.”

ಅವರು ನಗಲೋ ಬೇಡವೋ ಎಂದು ನೋಡಿ ಕೊನೆಗೆ ನಕ್ಕರು. ಆ ಧೈರ್ಯದ ಮೇಲೆ ನಾನು ಕೇಳಿದೆ, ಒಂದು ಕಾಗದ ನನಗೆ ಕೊಡಿ ಎಂದು. ಪೂರ್ತಿ ಬೇಡ, ಹೌಡಿ ಇರುವ ಕಾಗದಗಳಲ್ಲಿ ಕೊನೆಯದರ ತಳದ ತುಂಡು ಸಾಕು ಎಂದೆ. ಅವರು ಆ ಹಾಳೆ ಹುಡುಕಿ ತೆಗೆದು ಓದಿ ಮಗುಚಿ ನೋಡಿದರು. ಅದೇ ತುಂಡಿನ ಹಿಂಬದಿಗೆ ಕ್ಯಾಪ್ಟನ್ನರು ಬರೆದಿದ್ದರು: “ನನ್ನ ಪುಟ್ಟ ಜೀನಿಗೆ ಎರಡೂ ಕೆನ್ನೆಗೆ ಮುತ್ತು.” ಅವರಪ್ಪ ಅವರನ್ನು ಹೆಸರು ಹಿಡಿದು ಬರೆದದ್ದು ಆ ಪೆಟ್ಟಿಗೆಯಲ್ಲೆಲ್ಲ ಅದೊಂದೇ. ಅವರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ನಾವಿಬ್ಬರೂ ಆ ಹಾಳೆಯನ್ನು ನೋಡುತ್ತ ನಿಂತೆವು. ಈಚೆಯದನ್ನು ಕತ್ತರಿಸಿದರೆ ಆಚೆಯದೂ ಹೋಗುತ್ತದೆ.

ನಾಳೆ ಹೇಳುತ್ತೇನೆ ಅಂದರು. ಆ ರಾತ್ರಿ ನಾನು ಏನನ್ನೂ ಆಸೆಪಡಬಾರದು ಎಂದುಕೊಂಡೇ ಮಲಗಿದೆ. ಬೆಳಗ್ಗೆ ಏಳುವಷ್ಟರಲ್ಲಿ ಆ ತುಂಡನ್ನು ಬೈಬಲ್ಲಿನ ಯಾವ ಪುಟದಲ್ಲಿಡಬೇಕೆಂದು ಕೂಡ ಗೊತ್ತುಮಾಡಿಬಿಟ್ಟಿದ್ದೆ.

ಮಾರನೆಯ ದಿನ ಮಿಸ್ ಜೀನಿ ಮೇಜಿನ ಮೇಲೆ ಕತ್ತರಿ ಇಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಕ್ಯಾಪ್ಟನ್ನರ ಕೊನೆಯ ಕಾಗದವಿತ್ತು. ಅದನ್ನೂ ನಾನು ಒತ್ತಿಕೊಟ್ಟಿದ್ದೆ. ಅದರಲ್ಲಿ ಹೀಗಿದೆ: “ನಿನ್ನೆ ನದಿಯ ಹತ್ತಿರ ನನ್ನ ಹುಡುಗನನ್ನು ಕಳೆದುಕೊಂಡೆ. ಅಂಥವನು ಇನ್ನು ಸಿಗಲಾರ. ಕಂದು ಕುದುರೆಯನ್ನೂ ಕಳೆದುಕೊಂಡೆ.” ಅಷ್ಟೇ. ಮುಂದಿನ ವಾರ ಕ್ಯಾಪ್ಟನ್ನರು ಜ್ವರದಲ್ಲಿ ತೀರಿಕೊಂಡರು. ಕಳೆದುಕೊಂಡೆ ಎಂದರೆ ಗುಂಡು ತಗುಲಿತೋ, ನೀರಿಗೆ ಬಿದ್ದರೋ, ಆಚೆ ದಡದಲ್ಲಿದ್ದ ನೀಲಿ ಅಂಗಿಯ ಉತ್ತರದ ದಂಡಿನ ಕಡೆಗೆ ಬಿಡುಗಡೆಗೆಂದು ಓಡಿಹೋದರೋ, ಕೇಳೋಣವೆಂದರೆ ಯಾರೂ ಉಳಿದಿಲ್ಲ.

ಸಂಘದವರು ನಂಬಿಗಸ್ತ ಆಳುಗಳಿಗೂ ಒಂದು ಪುಟ ಇಟ್ಟಿದ್ದಾರೆ ಎಂದು ಮಿಸ್ ಜೀನಿ ಹೇಳಿದರು. ಐಶಮ್ ತನ್ನ ಯಜಮಾನನ ಸೇವೆಯಲ್ಲಿ ಪ್ರಾಣ ಕೊಟ್ಟ ಎಂದು ಹೆಂಡತಿಯಾದ ನಾನು ಎರಡು ಸಾಲು ಬರೆದು ಹೆಸರು ಹಾಕಿದರೆ ಸಾಕಂತೆ. ಆ ತುಂಡನ್ನು ಕತ್ತರಿಸಿ ಕೊಡುತ್ತಾರಂತೆ.

ನಿಮ್ಮ ಮುತ್ತು ಹೋಗುತ್ತಲ್ಲ ಎಂದೆ.

“ಹೋಗಲಿ,” ಅಂದರು. ಅವರ ದನಿ ಸಣ್ಣ ಹುಡುಗಿಯದರ ಹಾಗಿತ್ತು. “ಐಶಮ್ ಓಡಿಹೋಗಿದ್ದ ಅಂದ್ರೆ ಅಪ್ಪನ್ನ ಬಿಟ್ಟು ಹೋದ ಅಂತ ತಾನೇ ಅರ್ಥ? ಜ್ವರದಲ್ಲಿ ಮಲಗಿದ್ದಾಗ ಅಪ್ಪ ಅದನ್ನೇ ನೆನೆಸ್ಕೊಂಡಿರ್ತಾರೆ. ಸತ್ತಿದ್ದ ಅಂತಾದ್ರೆ ಅದು ಬೇರೆ. ಯಾರೂ ಅವರನ್ನ ಬಿಟ್ಟು ಹೋಗಿರಲಿಲ್ಲ ಅಂತಾಗುತ್ತೆ.”

ಪೆನ್ನು ನನ್ನ ಕಡೆ ತಿರುಗಿಸಿಟ್ಟರು. ನಾನು ಕೈಗೆ ತೆಗೆದುಕೊಂಡೆ ಕೂಡ. ಸುಳ್ಳು ಹೇಳುವುದಿಲ್ಲ, ಆ ತುಂಡು ನನಗೆ ಅಷ್ಟು ಬೇಕಾಗಿತ್ತು. ನಿಮ್ಮಪ್ಪನ ಗುರುತೆಂದು ನನ್ನ ಹತ್ತಿರ ಒಂದು ಅಂಗಿಯ ಗುಂಡಿಯೂ ಇಲ್ಲ. ಅದು ಕ್ಯಾಪ್ಟನ್ನರ ಕೈಬರಹವೇ ಆದರೂ ಮಾತು ಅವರದು. ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು ಹೇಳಿದ್ದು. ಆದರೆ ‘ಐಶಮ್’ ಎಂದು ಬರೆದ ಮೇಲೆ ಮುಂದಿನ ಪದಕ್ಕೆ ನನ್ನ ಕೈ ಹೋಗಲಿಲ್ಲ.

“ಆಗೋದಿಲ್ಲ ಮಿಸ್ ಜೀನಿ,” ಅಂದೆ. “ಅವರು ಸತ್ತದ್ದನ್ನ ನಾನು ನೋಡಿಲ್ಲ. ಬರೆದ್ರೆ ನಾನೇ ಕೈಯಾರೆ ಮಣ್ಣು ಹಾಕಿದ ಹಾಗಾಗುತ್ತೆ.”

“ಎಷ್ಟು ವರ್ಷ ಆಯ್ತು ಟೆಂಪಿ. ಇನ್ನೂ ಬರ್ತಾನೆ ಅಂತಿದೀಯಾ?”

“ಬರ್ತಾರೆ ಅಂತ ಅಲ್ಲ. ಬರೋದಿಲ್ಲ ಅಂತ ಬರೆದುಕೊಡೋಕೆ ಆಗೋದಿಲ್ಲ, ಅಷ್ಟೇ.”

ಅವರು ಕೋಪ ಮಾಡಿಕೊಳ್ಳಲಿಲ್ಲ. ಕತ್ತರಿಯನ್ನು ಹೊಲಿಗೆ ಬುಟ್ಟಿಗೆ ಹಾಕಿದರು. ನಾನು ಉಳಿದ ಕಾಗದಗಳನ್ನು ಒತ್ತಿ, ಜೋಡಿಸಿ, ಕೊಟ್ಟು ಬಂದೆ. ಕಳೆದ ಗುರುವಾರ ಪೆಟ್ಟಿಗೆ ರೈಲಿನಲ್ಲಿ ಹೋಯಿತು. ಆ ಕೋಣೆಗೆ ನಮ್ಮಂಥವರನ್ನು ಒಳಗೆ ಬಿಡುವುದಿಲ್ಲವಂತೆ. ನೆಲ ಒರೆಸಲು ಹೋದರೆ ಬಿಡುತ್ತಾರೇನೋ.

ಬ್ರದರ್ ಪ್ರೈಮಸ್ ಚರ್ಚಿನ ಹತ್ತಿರ ಸಿಕ್ಕಾಗ ಇದನ್ನೆಲ್ಲ ಹೇಳಿದೆ. ಅವರು ನನ್ನನ್ನು ಮದುವೆಯಾಗೆಂದು ಕೇಳುವುದನ್ನು ಬಿಟ್ಟು ವರ್ಷಗಳಾದವು, ಆದರೆ ಗೆಣಸು ತಂದುಕೊಡುವುದನ್ನು ಬಿಟ್ಟಿಲ್ಲ. ಪೂರ್ತಿ ಕೇಳಿಸಿಕೊಂಡು, “ಅಲ್ಲ ಸಿಸ್ಟರ್ ಟೆಂಪಿ, ಒಂದು ಹೌಡಿ ಬರೋಕೆ ಇಷ್ಟು ವರ್ಷ ತಗೊಂಡಿದೆ. ಆ ಮನುಷ್ಯ ನಡ್ಕೊಂಡು ಬರ್ತಿದ್ರೆ ಇನ್ನೂ ದಾರೀಲೇ ಇರಬಹುದು,” ಅಂದರು. ನಗಿಸಲೆಂದೇ ಹೇಳಿದ್ದು, ನಾನೂ ನಕ್ಕೆ. ಮನೆಗೆ ಬಂದು ಗೆಣಸು ಬೇಯಲಿಟ್ಟು, ಒಲೆಯ ಮುಂದೆ ಕುಳಿತು, ಎದ್ದಾಗ ಗೆಣಸು ತಳ ಹಿಡಿದಿತ್ತು.

ನನ್ನ ಬಗ್ಗೆ ಯೋಚನೆ ಮಾಡಬೇಡ. ಶಾಲೆಯ ಮಕ್ಕಳ ಮೇಲೆ ಬಹಳ ಕೂಗಬೇಡ, ನಿನ್ನ ಗಂಟಲು ಮೊದಲಿಂದಲೂ ಸೂಕ್ಷ್ಮ. ಅಳಿಯಂದಿರಿಗೆ ನನ್ನ ನೆನಪು ಹೇಳು. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಅಜ್ಜಿಯ ಕೈ ಇದು ಎಂದು ಹೇಳು. ನಿಮ್ಮ ಮನೆಯಲ್ಲಿ ಯಾರೂ ಯಾರಿಂದಲೂ ಅಗಲದಂತೆ ದೇವರು ಕಾಯಲಿ. ಹಗಲೂ ರಾತ್ರಿ ನನ್ನ ಬೇಡಿಕೆ ಅದೊಂದೇ.

ನಿನ್ನ ತಾಯಿ,
ಟೆಂಪಿ

ಮತ್ತೆ:

ಆ ತುಂಡಿನಲ್ಲಿ ಇದ್ದದ್ದನ್ನು ನಾನು ಮೇಲೆ ಪೂರ್ತಿ ಬರೆಯಲಿಲ್ಲ. ಮಡಿಸುವ ಮುಂಚೆ ಬರೆದುಬಿಡುತ್ತೇನೆ, ಏಕೆಂದರೆ ಅದು ನನಗಿಂತ ನಿನಗೆ ಸೇರಬೇಕಾದದ್ದು. ಬಾಯಿಪಾಠವಾಗಿದೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ:

“ಹುಡುಗ ಟೆಂಪಿಗೆ ಹೌಡಿ ಹೇಳುತ್ತಾನೆ. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಮತ್ತೆ ಕೇಳುತ್ತಿದ್ದಾನೆ. ಒಂದು ಸಾಲು ಬರೆದುಬಿಡು, ಇವನ ಕಾಟ ತಪ್ಪಲಿ.”

ಆ ಹೊತ್ತಿಗೆ ನೀನು ಗೋಡೆ ಹಿಡಿದು ನಿಲ್ಲುತ್ತಿದ್ದೆ. ಆ ಒಂದು ಸಾಲು ಬರೆದಿರಾ ಎಂದು ಮಿಸ್ ಕಾರ್ನೀಲಿಯಾರನ್ನು ಕೇಳಿದೆ. ನೆನಪಿಲ್ಲ ಅಂದರು. ಮುಂದಿನ ಕಾಗದದಲ್ಲಿ ಏನಾದರೂ ಇದೆಯೇ ಎಂದು ನಾನೇ ನೋಡಿದೆ. ಮುಂದಿನದು ಆ ನದಿಯ ಕಾಗದ. ಕೇಳಿ ಕೇಳಿ ಸಾಕಾಗಿ ತಾವೇ ನೋಡಿಕೊಂಡು ಬರೋಣವೆಂದು ಈ ಕಡೆಗೆ ಹೊರಟರೋ ಏನೋ ನನಗೆ ತಿಳಿಯದು. ಹೊರಟಿದ್ದರೆ, ದಾರಿಯಲ್ಲಿ ಯಾರಾದರೂ ಅವರಿಗೆ ಹೆಣ್ಣು ಎಂದು ಹೇಳಿರಲಿ.