ಮೇಲೇರಿದ ಗೆರೆ, ಮಲಗಿದ ಗೆರೆ

ಮೂಕಂಡಪಲ್ಲಿ
೨೦-೧-೨೦೨೬

ನನ್ನ ಚಂದ್ರಕ್ಕನಿಗೆ, ನಿನ್ನ ಶರ್ಮಿಳಾ ಮಾಡುವ ನಮಸ್ಕಾರ.

ಫೋನ್ ಇಟ್ಟುಕೊಂಡು ಇವಳು ಕಾಗದ ಯಾಕೆ ಬರೆದಳು ಅಂದುಕೊಳ್ಳಬೇಡ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಒಂದು ಮಾತೂ ಹೊರಡುವುದಿಲ್ಲ. ಅಕ್ಕ, ನನಗೆ ತುಂಬ ಭಯವಾಗಿದೆ. ಕೆಲಸಕ್ಕೆಂದು ನಾನು ಮೂರು ವರ್ಷ ಜಪಾನಿಗೆ ಹೋಗಬೇಕಂತೆ. ಭೂಮಿಕಾಗೆ ಇನ್ನೂ ನಾಲ್ಕು ತುಂಬಿಲ್ಲ.

ಹೇಗಾಯಿತು ಕೇಳು. ಹೋದ ವಾರ ಜಪಾನಿನಿಂದ ಬಂದ ಸಾಹೇಬರು ನಮ್ಮನ್ನೆಲ್ಲ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೂರಿಸಿ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ದುಡಿಯುವವರು, ಕೆಲಸ ಹುಡುಕುವವರು ಎಲ್ಲ ಸೇರಿ ಯಾವ ದೇಶದಲ್ಲಿ ಎಷ್ಟು ಜನ ಎಂಬ ಲೆಕ್ಕ, ನಾನು ಹುಟ್ಟುವ ಮೊದಲಿನಿಂದ ಇಲ್ಲಿಯವರೆಗೆ. ನಮ್ಮ ದೇಶದ ಗೆರೆ ವರ್ಷದಿಂದ ವರ್ಷಕ್ಕೆ ಏರಿ ಪರದೆಯ ತುದಿ ಮುಟ್ಟಿತ್ತು. ಅವರದು ಕೆಳಗೇ ಮಲಗಿತ್ತು. ಸಾಹೇಬರ ಮಾತನ್ನೆಲ್ಲ ಒಬ್ಬ ಹುಡುಗಿ ತಮಿಳಿನಲ್ಲಿ ಹೇಳುತ್ತಿದ್ದಳು; ನನ್ನ ತಮಿಳು ನಿನಗೆ ಗೊತ್ತಲ್ಲ, ಅರ್ಧಂಬರ್ಧ. ಅಲ್ಲಿ ‘ಆಳ್ ಕುರೈವು’ ಅಂದಳಂತೆ, ಅಂದರೆ ಜನ ಸಾಲದು ಅಂತ. ನನ್ನ ಹಾಳು ಕಿವಿಗೆ ಬಿದ್ದದ್ದು ‘ಆಳ್ ಕುರೈಪ್ಪು’. ಕೆಲಸದವರನ್ನು ತೆಗೆಯುತ್ತಾರೆ ಅಂತ! ನಮ್ಮ ಗೆರೆ ಅಷ್ಟೆತ್ತರ ಇದೆಯಲ್ಲ, ಜನ ಜಾಸ್ತಿಯಾದರು, ಅದಕ್ಕೇ ತೆಗೆಯುತ್ತಾರೆ ಅಂದುಕೊಂಡೆ. ಆಮೇಲೆ ಅವಳು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ. ಕೊನೆಗೆ ಯಾರು ರೆಡಿ ಅಂತ ಕೇಳಿದಾಗ, ಕೆಲಸದಲ್ಲಿ ಉಳಿಯುವುದಕ್ಕೆ ಎಂದು ತಿಳಿದು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಚಪ್ಪಾಳೆ ಬಿತ್ತು. ಯಾಕೆ ಚಪ್ಪಾಳೆ ಅಂತ ಪಕ್ಕದಲ್ಲಿದ್ದ ಗಂಗಾದೇವಿಯನ್ನು ಕೇಳಿದರೆ, ಜಪಾನ್‌ಗೆ ಹೋಗ್ತೀನಿ ಅಂತ ಒಪ್ಕೊಂಡ್‌ಬುಟ್ಯಲ್ಲೇ ಅಂದಳು.

ಮನೆಯಲ್ಲಿ ಇವರು ಬೈದು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಇವರೋ, ಹೋಗ್ಬುಟ್ಟು ಬಾ, ಮಗೂನ ನಾನ್ ನೋಡ್ಕೊತೀನಿ ಅಂತಾರೆ. ಅವಳಿಗೊಂದು ಜಡೆ ಹಾಕಲು ಬಾರದ ಮನುಷ್ಯ! ಆಗಲೇ ಬೀದಿಗೆಲ್ಲ ಸಾರಿ ಬಂದಿದ್ದಾರೆ. ಈಗ ಒಲ್ಲೆ ಎನ್ನಲೂ ಭಯ. ನನ್ನದು ಕಾಂಟ್ರಾಕ್ಟ್ ಕೆಲಸ. ಆ ಏರಿದ ಗೆರೆಯಲ್ಲಿರುವವರೆಲ್ಲ ನಮ್ಮ ಗೇಟಿನ ಮುಂದೆಯೇ ನಿಂತಿದ್ದಾರೆ ಅನ್ನಿಸುತ್ತದೆ. ಹೋಗಲೂ ಭಯ. ಆಳು ಸಿಗದ ಊರಿನವರು ಹೋದವಳನ್ನು ಸುಮ್ಮನೆ ವಾಪಸ್ ಬಿಡುತ್ತಾರಾ? ಅಲ್ಲಿ ಜ್ವರ ಬಂದು ಮಲಗಿದರೆ ಯಾರನ್ನು ಕರೆಯಲಿ, ಯಾವ ಭಾಷೆಯಲ್ಲಿ ಕರೆಯಲಿ?

ಭೂಮಿಕಾಗೆ ಏನೋ ಗೊತ್ತಾದಂತಿದೆ. ನಾನು ಸ್ನಾನಕ್ಕೆ ಹೋದರೂ ಬಾಗಿಲಾಚೆ ನಿಂತು, ಅಮ್ಮಾ ಇದೀಯಾ ಅಂತ ಕೂಗುತ್ತಾಳೆ. ಇದೀನಮ್ಮಾ ಅನ್ನುತ್ತ ಅರ್ಧಕ್ಕೇ ಸ್ನಾನ ಮುಗಿಸಿ ಹೊರಗೆ ಬರುತ್ತೇನೆ. ಮೂರು ವರ್ಷ ಕಳೆದು ಬಂದಾಗ ಇವಳು ನನ್ನನ್ನು ನೋಡಿ ಅಪ್ಪನ ಹಿಂದೆ ಬಚ್ಚಿಟ್ಟುಕೊಂಡರೆ ನಾನು ಬದುಕಲಾರೆ ಅಕ್ಕ.

ಭಾನುವಾರ ಬಾಗಲೂರಿನಿಂದ ಬಂದುಬಿಡು. ತೋಟದಲ್ಲಿ ಹೂ ಕೀಳುವುದು ಒಂದು ದಿನ ನಿಂತರೆ ನಿಲ್ಲಲಿ. ದೊಡ್ಡವಳು ನಾನು ಒಪ್ಪಲ್ಲ ಅಂತ ಇವರೆದುರು ಹೇಳು. ನೀನು ಬೇಡ ಅಂದರೆ ನಮ್ಮಲ್ಲಿ ಯಾರೂ ಮೀರುವುದಿಲ್ಲ.

ಇನ್ನೂ ನಿನ್ನ ಸೆರಗು ಬಿಡದ ತಂಗಿ,
ಶರ್ಮಿಳಾ

ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನಿನ್ನೆ ನಮ್ಮ ಸೂಪರ್‌ವೈಸರ್ ರಾಮಚಂದ್ರಪ್ಪನವರು ನನ್ನೊಬ್ಬಳನ್ನೇ ಕರೆದು ಕೂರಿಸಿದರು. ತಿಳೀದೆ ಕೈ ಎತ್ತಿದ್ಯಂತಲ್ಲಮ್ಮ, ಬ್ಯಾಡ ಅಂದ್ರೆ ಬ್ಯಾಡ, ನಿನ್ ಕೆಲ್ಸ ಎಲ್ಲೂ ಹೋಗಾಕಿಲ್ಲ, ಅದಕ್ಕೆ ನಾನಿದೀನಿ ಅಂದರು. ಆಮೇಲೆ, ಹೋಗ್ತೀಯಾ ಅಂತ ಕನ್ನಡದಲ್ಲೇ ಕೇಳಿದರು. ಹೂಂ ಅಂದೆ ಅಕ್ಕ.