ತಡವಾಗಿ ಬಂದ ಎರಡನೆಯ ಅಲೆ

ಮಂಗಳವಾರ, ಪ್ರಯೋಗಶಾಲೆಯ ಪ್ರೆಸ್ಸು ತಣಿಯುವ ಹೊತ್ತು

ಭೂಕಂಪದ ಅಲೆ ಅಳೆಯುವ ಮಹಾಶಯರ ಸನ್ನಿಧಾನಕ್ಕೆ, ಕಲ್ಲು ಹಿಂಡಿ ಹೊಟ್ಟೆ ಹೊರೆಯುವ ಧರ್ಮಪತ್ನಿಯ ದೊಡ್ಡ ನಮಸ್ಕಾರ.

ನೀನು ನಿನ್ನ ತಂಗಿಯ ಮನೆ ಸೇರಿದ ಮೇಲೆ ಇಲ್ಲಿ ಎಲ್ಲ ಕ್ಷೇಮ. ನಲ್ಲಿ ಸೋರುತ್ತಿದೆ, ಗಡಿಯಾರ ನಿಂತಿದೆ, ಎರಡಕ್ಕೂ ಹೊಂದಿಕೊಂಡಿದ್ದೇನೆ. ತಂಗಿ ಫೋನಿನಲ್ಲಿ ಹೇಳಿದಳು: "ಅತ್ತಿಗೆ, ಅಣ್ಣ ಊಟ ಮಾಡ್ತಾನೆ, ಮಾತಾಡಲ್ಲ. ನೀವು ಮಾತಾಡ್ತೀರ, ಊಟ ಮಾಡಲ್ಲ. ಇಬ್ಬರನ್ನೂ ಸೇರಿಸಿ ಹೊಲಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗಬಹುದು." ನಗು ಬಂತು. ಆಮೇಲೆ ಮುಖ ತೊಳೆಯಬೇಕಾಯಿತು.

ಈ ಪತ್ರ ಕೇವಲ ಕಚೇರಿ ಕೆಲಸದ್ದು, ತಪ್ಪು ತಿಳಿಯಬೇಡ. ಭೂಮಿಯ ಆಳದಲ್ಲಿ, ಮ್ಯಾಂಟಲ್ ಎಂಬ ಬಿಸಿ ಪದರದಲ್ಲಿ ರಾಶಿ ಬಿದ್ದಿರುವ ಆ ಹಸಿರು ಆಲಿವಿನ್ ಕಲ್ಲು ನೆನಪಿದೆಯಲ್ಲ? ಸಾಸಿವೆಯಷ್ಟು ಚೂರನ್ನು ಕಾಯಿಸಿ, ಹಿಂಡಿ, ಓರೆಯಾಗಿ ಜಾರಿಸಿದೆ. ಹರಳುಗಳೆಲ್ಲ ತಿರುಚಿಕೊಂಡು ಒಂದೇ ಕಡೆ ಮುಖ ಮಾಡಿ ನಿಂತವು. ಒತ್ತಡ ತೆಗೆದೆ. ಪುಣ್ಯಾತ್ಮರು ಹಾಗೇ ನಿಂತಿದ್ದಾರೆ, ಹಿಂದಕ್ಕೆ ತಿರುಗುವ ಮಾತೇ ಇಲ್ಲ. ಅಂಥ ಕಲ್ಲಿನೊಳಗೆ ಅಡ್ಡಡ್ಡ ಅಲುಗುವ ಒಂದು ಅಲೆ ಕಳಿಸಿದರೆ ಹೊರಬರುವುದು ಎರಡು. ಒಂದು ಬೇಗ, ಇನ್ನೊಂದು ನಿಧಾನ. ಭೂಕಂಪದ ಅಲೆಯೂ ಆಳದಲ್ಲಿ ಹೀಗೇ ಸೀಳುತ್ತದೆ ಎಂದು ನಾನು ಬಡಿದುಕೊಂಡೆ. ನೀನು ಮಾತ್ರ ಕಂಪನಮಾಪಕ ಬರೆದ ಗೆರೆಯಲ್ಲಿ ಮೊದಲನೆಯದಕ್ಕೆ ಗುರುತು ಹಾಕಿ, ಎರಡನೆಯದನ್ನು "ಅದು ಗದ್ದಲ ಕಣೇ, ಲಾರಿ ಹೋಗಿರ್ಬೇಕು" ಎಂದು ಅಳಿಸುತ್ತಿದ್ದೆ. ಎಲ್ಲಿಯ ಲಾರಿ? ನಿನ್ನ ಕೇಂದ್ರದ ಓಣಿಯಲ್ಲಿ ಸೈಕಲ್ಲು ತಿರುಗಿಸಲೂ ಜಾಗವಿಲ್ಲ.

ಮನೆಯಲ್ಲೂ ನೀನು ಅದನ್ನೇ ಮಾಡಿದೆ. ಮಗಳು ಜ್ವರದಲ್ಲಿ ಹೋದಾಗ ನೀನು ಬೀದಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ. ನಾನು ಪ್ರಯೋಗಶಾಲೆಗೆ ಹೋದೆ. ಇವಳೇ ಒಂದು ಬಂಡೆ ಎಂದರು ಎಲ್ಲರೂ. ನಿನ್ನ ಅಳು ಮುಗಿದು, ನೀನು ಮತ್ತೆ ಸಿಳ್ಳೆ ಹಾಕಲು ಕಲಿತ ಮೇಲೆ, ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ನನಗೆ ಶುರುವಾಯಿತು. ನಿಲ್ಲಲೇ ಇಲ್ಲ. ಮೊದಮೊದಲು ನೀನು "ಈಗ್ಯಾಕೆ? ಆಗಿದ್ದು ಆಗೋಯ್ತಲ್ಲ" ಎಂದೆ. ಕೊನೆಗೆ ಚೀಲ ತುಂಬಿಕೊಳ್ಳುತ್ತ, "ನಿನ್ನ ಅಳು ಕೇಳ್ತಾ ಮತ್ತೆ ಮೊದಲಿಂದ ಸಾಯೋಕೆ ನನ್ನ ಕೈಲಾಗಲ್ಲ" ಎಂದೆ.

ಕೋಪವಿಲ್ಲ. ಪೆಟ್ಟು ಒಂದೇ, ನಾನು ನಿಧಾನದವಳು, ಅಷ್ಟೇ. ಆದರೆ ಅದು ಇನ್ನೂ ಬರುತ್ತಲೇ ಇದೆ. ಮುಗಿಯುವ ಲಕ್ಷಣ ಕಾಣುತ್ತಿಲ್ಲ.

ಶನಿವಾರ ಬಾ. ಹೊಸ ಗೆರೆಯಲ್ಲಿ ಎರಡನೆಯ ಅಲೆ ಎಲ್ಲಿ ಶುರುವಾಗುತ್ತದೆಂದು ಹೇಳಲು ನಿನ್ನ ಕಣ್ಣೇ ಬೇಕು. ಪ್ರಯಾಣ ಭತ್ಯೆ ಇಲ್ಲ. ಚಹಾ ಉಂಟು, ಸಕ್ಕರೆ ನೀನೇ ತರಬೇಕು.

ಇಂತಿ,
ನಿನ್ನ ಗೆರೆಗಳಲ್ಲಿ ಗದ್ದಲವೆನಿಸಿಕೊಂಡವಳು

ಮರೆತ ಮಾತು: ಗೆರೆ ನೋಡುವ ಕೆಲಸ ಹೋದ ವಾರವೇ ಮುಗಿಯಿತು, ಮೇಲಿನವರು ಒಪ್ಪಿದ್ದೂ ಆಯಿತು. ಮಗಳ ಕೋಣೆ ನೀನು ಮುಚ್ಚಿ ಹೋದಂತೆಯೇ ಇದೆ. ಒಳಗೆ ಹಗ್ಗದ ಮೇಲೆ ಅವಳ ಕಾಲುಚೀಲ ಇನ್ನೂ ಒಣಗುತ್ತಿರಬೇಕು. ದಿನಾ ಹೋಗಿ ನಿಲ್ಲುತ್ತೇನೆ. ಬೆಟ್ಟದ ಭಾರ ಹಾಕಿ ಕಲ್ಲು ಹಿಂಡುವವಳಿಗೆ ಒಂದು ಬಾಗಿಲ ಹಿಡಿ ಒತ್ತಲು ಆಗುತ್ತಿಲ್ಲ.